ಕಾರಿನ ಕಿಟಕಿಯಿಂದ ರೋಸ್ಯಾನ್ ನೋಡಿದ್ದು

ಮಾರ್ಚ್ ೨೧, ಶುಕ್ರವಾರ. ಬೆಳಿಗ್ಗೆ ತೆಳುವಾಗಿ ಹಿಮ ಬಿದ್ದಿತ್ತು. ಮಧ್ಯಾಹ್ನದ ಬಿಸಿಲಿಗೆ ಕರಗಿತು. ನಾಲ್ಕರ ಹೊತ್ತಿಗೆ ಮತ್ತೆ ಕೊರೆಯುವ ಚಳಿ.

ರೋಸ್ಯಾನ್ ಪಾಲ್ಕೊ ನಮ್ಮೂರ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ನರ್ಸ್. ಮೊದಲು ಓದಿದ್ದು ಭೂವಿಜ್ಞಾನ. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಗಣಿಗಳು ಮುಚ್ಚಿದ ಮೇಲೆ ಎರಡು ವರ್ಷದ ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದಳು. ಈಗ ಐವತ್ತೆರಡನೆಯ ವಯಸ್ಸಿನಲ್ಲಿ ನರ್ಸಿಂಗ್ ಸ್ನಾತಕೋತ್ತರ ಪದವಿಯ ಹಂಬಲ. ಕೈಯಲ್ಲಿರುವ ಪದವಿ ಬೇರೆ ವಿಷಯದ್ದಾದ್ದರಿಂದ, ಸಮುದಾಯ ಆರೋಗ್ಯದ ಪೂರಕ ಕೋರ್ಸಿನಲ್ಲಿ ತೇರ್ಗಡೆಯಾದರೆ ಮಾತ್ರ ಪ್ರವೇಶ. ಅದಕ್ಕಾಗಿ ಕಾರಿನಲ್ಲಿ ಊರು ಸುತ್ತಿ, ಕಂಡದ್ದನ್ನು ಬರೆಯಬೇಕು. ಮೊದಲ ವರದಿ ಅಧ್ಯಾಪಕಿಯ ಟಿಪ್ಪಣಿಯೊಂದಿಗೆ ಹಿಂದಿರುಗಿತ್ತು: "ಹನ್ನೊಂದು ಮಂದಿ ರೋಗಿಗಳ ಬಗ್ಗೆ ಬರೆದಿದ್ದೀರಿ. ಊರೆಲ್ಲಿ?" ಇನ್ನೊಂದೇ ಅವಕಾಶ, ಸೋಮವಾರ ಕಡೆಯ ದಿನ.

ಪಕ್ಕದ ಮನೆಯವಳಾದ ನಾನು ಕಾರು ಓಡಿಸಿದೆ.

"ಬರ್ನಿ, ಯಾರು ಕರೆದ್ರೂ ನಿಲ್ಲಿಸ್ಬೇಡ ಕಣೇ," ಎಂದಳು ರೋಸ್ಯಾನ್.

ಮೊದಲ ತಿರುವಿನಲ್ಲೇ ಹಳೆಯ ಗಣಿ ಕೆಲಸಗಾರ ಸ್ಟಾನ್ ಅಜ್ಜ ಕೋಲು ಅಡ್ಡ ಹಿಡಿದರು. ಇನ್ನೊಂದು ಕೈಗೆ ಪಟ್ಟಿ ಕಟ್ಟಿತ್ತು.

"ಏನ್ರೇ, ಕಳ್ಳರ ಥರ ಮೆಲ್ಲಗೆ ಹೋಗ್ತಿದೀರಾ?"

"ಪರೀಕ್ಷೆ ಅಜ್ಜ."

"ಈ ವಯಸ್ಸಲ್ಲಾ? ಫೇಲಾದ್ರೆ ಬೈಯೋರು ಯಾರು ನಿನ್ನ?"

"ನೀವಿದೀರಲ್ಲ. ಕೈ ಹೇಗಿದೆ? ಅಂದ ಹಾಗೆ, ಹೋದ ಶುಕ್ರವಾರ ಬಿದ್ದಿದ್ದೆಲ್ಲಿ?"

"ಅಬ್ಬಾ, ಈಗ ಕೇಳಿದ್ಯಲ್ಲ! ಅವತ್ತು ಆಸ್ಪತ್ರೇಲಿ ನೋವೆಲ್ಲಿ ಅಂತ ಮಾತ್ರ ಕೇಳ್ದೆ ನೀನು. ಈಸ್ಟರ್ ಮುಂಚಿನ ಉಪವಾಸದಲ್ಲಿ ಶುಕ್ರವಾರ ಚರ್ಚಲ್ಲಿ ಮೀನೂಟ ಅಲ್ವಾ, ಅದಕ್ಕೆ ಹೋಗ್ತಾ, ಬಾಗಿಲ ಮುಂದಿನ ಇಳಿಜಾರಲ್ಲಿ."

ರೋಸ್ಯಾನ್ ತನ್ನ ಮೊದಲ ವರದಿ ತೆರೆದಳು. ಅದರ ಹನ್ನೊಂದು ರೋಗಿಗಳಲ್ಲಿ ನಾಲ್ವರು ಶುಕ್ರವಾರ ಸಂಜೆಯೇ ಬಿದ್ದು ಬಂದವರು. ಉಳಿದ ಮೂವರಿಗೂ ಫೋನ್ ಮಾಡಿದಳು. ಎಲ್ಲರೂ ಹೇಳಿದ್ದು ಅದೇ ಜಾಗ.

ಇಳಿಜಾರಿನಲ್ಲಿ ಕಾರಿನಿಂದ ಇಳಿದು, ಮಂಡಿಯೂರಿ ದಾರಿ ಬದಿಯ ಕಲ್ಲಿನ ಪದರಗಳ ಮೇಲೆ ಕೈಯಾಡಿಸಿದಳು.

"ನೋಡೇ, ಮರಳುಗಲ್ಲಿನ ಬುಡದಿಂದ ನೀರು ಜಿನುಗ್ತಿದೆ. ಕೆಳಗಿನ ಜೇಡಿಪದರ ಅದನ್ನ ಕುಡಿಯಲ್ಲ, ಅದಕ್ಕೇ ದಾರಿಗೆ ಹರಿಯುತ್ತೆ. ಸಂಜೆ ಆದ್ರೆ ಹೆಪ್ಪುಗಟ್ಟಿ ಗಾಜು!"

"ನಿನ್ನ ಓದು ವ್ಯರ್ಥ ಅಂತಿದ್ರು ನಿಮ್ಮಪ್ಪ."

"ಅಪ್ಪ ಮೀನು ತಿನ್ನೋಕೆ ಬರ್ಲಿ, ತೋರಿಸ್ತೀನಿ."

ಚರ್ಚಿನಲ್ಲಿ ಊಟ ಬಡಿಸುತ್ತಿದ್ದ ಹೆಂಗಸರಿಗೆ ಹೇಳಿ, ಇಳಿಜಾರು ತಪ್ಪುವಂತೆ ಜನರ ಸಾಲನ್ನು ಹಿಂಬಾಗಿಲಿಗೆ ತಿರುಗಿಸಿದಳು. ನಾವಿಬ್ಬರೂ ದಾರಿಗೆ ಉಪ್ಪು ಹರಡಿದೆವು. ಏಳು ಗಂಟೆಯವರೆಗೆ ಯಾರೂ ಬೀಳಲಿಲ್ಲ.

ಮಾರ್ಚ್ ೨೬, ಬುಧವಾರ. ಮೋಡ. ರೋಸ್ಯಾನ್ ಸೋಮವಾರ ಕಳಿಸಿದ ಹೊಸ ವರದಿ ಒಪ್ಪಿಗೆಯಾಯಿತು, ಆಗಸ್ಟ್‌ನಿಂದ ತರಗತಿ. ನಗರಸಭೆಯವರು ಇಳಿಜಾರಿನಲ್ಲಿ ಚರಂಡಿ ತೋಡಲು ಅಳತೆ ತೆಗೆದುಕೊಂಡು ಹೋದರು.

ಖರ್ಚು: ಪೆಟ್ರೋಲ್ ಒಂಬತ್ತು ಡಾಲರ್, ಎರಡು ಚೀಲ ಉಪ್ಪಿಗೆ ಹದಿನಾರು, ಎರಡು ಮೀನೂಟಕ್ಕೆ ಇಪ್ಪತ್ತೆಂಟು.