ಬಿಸ್ಕತ್ತಿನ ಅಮೋನಿಯಾ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಿಕರ್ನಕಟ್ಟೆಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಮೂವತ್ತೈದು ದಾಟಿದ, ಮದುವೆಯಾಗದ, ಲೋಹಶಾಸ್ತ್ರ ಕಲಿಸುವ ಹೆಂಗಸಿನೊಡನೆ ಏನು ಮಾತಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲೇಜಿನಲ್ಲಿ ನಾನು ಒಳಗೆ ಬಂದರೆ ಸಹೋದ್ಯೋಗಿಗಳ ಮಾತು ನಿಲ್ಲುತ್ತಿತ್ತು. ನನಗೂ ಸೊಕ್ಕು ಕಡಿಮೆ ಇರಲಿಲ್ಲ, ನಾನಾಗಿ ಯಾರನ್ನೂ ಮಾತಾಡಿಸುತ್ತಿರಲಿಲ್ಲ.

ಟೈಟಾನಿಯಂ ಪುಡಿಯಿಂದ ತೂತು ತೂತಾದ ತುಂಡು ತಯಾರಿಸುವುದು ನನ್ನ ಸಂಶೋಧನೆ. ಎಲುಬಿಗೆ ಕೂರಿಸಿದ ನುಣುಪು ಲೋಹ ಕೆಲವೊಮ್ಮೆ ಕಾಲ ಕಳೆದಂತೆ ಸಡಿಲಾಗುತ್ತದೆ. ಲೋಹದಲ್ಲಿ ಒಂದಕ್ಕೊಂದು ಕೂಡಿದ ಸಣ್ಣ ತೂತುಗಳಿದ್ದರೆ ಎಲುಬು ಅವುಗಳೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ. ತೂತು ಬರಬೇಕಾದರೆ, ಕಾಯಿಸಿದಾಗ ಹಾರಿಹೋಗುವಂಥದ್ದೇನನ್ನಾದರೂ ಪುಡಿಗೆ ಬೆರೆಸಬೇಕು. ಅದು ನನಗೆ ಸಿಕ್ಕಿದ್ದು ನನ್ನ ಕೋಣೆಯ ಕೆಳಗಿದ್ದ ಬೇಕರಿಯಲ್ಲಿ. ಬಿಸ್ಕತ್ತು ಉಬ್ಬಲು ಹಾಕುವ, ಮೂಗು ಉರಿಸುವ ಬಿಳಿ ಪುಡಿ, ಬೇಕರಿಯ ಮಾತಿನಲ್ಲಿ ಅಮೋನಿಯಾ.

ಬೇಕರಿಯವರಿಗೆ ಐವತ್ತರ ಹತ್ತಿರ. ಲಾರಿ ಬಡಿದು ಮುರಿದ ಅವರ ಎಡಗಾಲಿಗೆ ಉಕ್ಕಿನ ಪಟ್ಟಿ ಹಾಕಿದ್ದರು. ಅದರ ಸ್ಕ್ರೂಗಳು ಸಡಿಲಾಗಿ ಅವರು ಕುಂಟುತ್ತಿದ್ದರು. ಅಮೋನಿಯಾ ಯಾಕೆಂದು ವಿಚಾರಿಸಿ ತಿಳಿದುಕೊಂಡ ಮೇಲೆ, ದಿನಾ ಸಂಜೆ ನಾನು ಬಸ್ಸಿಳಿದು ಬರುವಾಗ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೇಳುತ್ತಿದ್ದರು.

"ಎಂತ ಟೀಚರೇ, ತೂತು ಬಂತಾ?"

ಇಡೀ ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಏನಾದರೂ ಕೇಳುತ್ತಿದ್ದುದು ಅದೊಂದೇ. ಬಸ್ಸಿನಲ್ಲಿ ಬರುವಾಗಲೇ ನಾನು ಉತ್ತರ ಜೋಡಿಸಿಕೊಳ್ಳುತ್ತಿದ್ದೆ.

ತುಂಡುಗಳೆಲ್ಲ ಬಿರುಕು ಬಿಡುತ್ತಿದ್ದವು. ಒಂದು ಸಂಜೆ ಅಂಥದ್ದೊಂದನ್ನು ತೋರಿಸಿದೆ. ಅವರು ರಸ್ಕಿನ ಹಾಗೆ ತಿರುಗಿಸಿ ನೋಡಿದರು.

"ದಪ್ಪ ಆಯ್ತು ಮಾರಾಯ್ರೇ. ಅಮೋನಿಯಾ ನಾವು ತೆಳು ಬಿಸ್ಕತ್ತಿಗೆ ಮಾತ್ರ ಹಾಕುವುದು. ದಪ್ಪದ್ದಕ್ಕೆ ಹಾಕಿದ್ರೆ ಗ್ಯಾಸಿಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ."

ಇಷ್ಟೆಲ್ಲ ಓದಿದ ನನಗೆ ಇದು ಹೊಳೆದಿರಲಿಲ್ಲ. ತುಂಡನ್ನು ತೆಳು ಮಾಡಿ, ಅಮೋನಿಯಾ ಪೂರ್ತಿ ಹೋಗುವ ತನಕ ಬಹಳ ನಿಧಾನ ಕಾಯಿಸಿ, ಆಮೇಲೆ ಗಾಳಿ ತೆಗೆದ ಕುಲುಮೆಗೆ ಇಟ್ಟೆ. ಮೂರನೆಯ ಸಲಕ್ಕೆ ಬಿರುಕಿಲ್ಲದ ತುಂಡು ಬಂತು. ಅದರ ಮೇಲೆ ಒಂದು ಹನಿ ನೀರು ಹಾಕಿದೆ, ಕುಡಿದುಬಿಟ್ಟಿತು. ಅದನ್ನು ಮೊದಲು ಕೊಂಡುಹೋಗಿ ಇಟ್ಟದ್ದು ಅವರ ಅಂಗೈಯಲ್ಲಿ.

"ನನ್ನ ಕಾಲಿಗೆ ಇದು ಆಗ್ತದಾ?"

"ಇನ್ನೂ ಸ್ವಲ್ಪ ಕೆಲಸ ಉಂಟು" ಎಂದೆ.

ಸ್ವಲ್ಪವಲ್ಲ. ಅದು ಭಾರ ತಾಳುವುದನ್ನು ನೋಡಬೇಕು, ಪ್ರಾಣಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಬೇಕು. ಮನುಷ್ಯರಿಗೆ ಹಾಕುವ ಮಾತು ಅದಕ್ಕೂ ಆಚೆ, ಬಹುಶಃ ನನ್ನ ಕೈಯಿಂದ ಆಗುವಂಥದ್ದೂ ಅಲ್ಲ. ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೆ ಹೇಳಿಬಿಟ್ಟರೆ ನಾಳೆಯಿಂದ ಅವರು ಏನೂ ಕೇಳುವುದಿಲ್ಲ ಎಂಬ ಹೆದರಿಕೆ. ಎರಡು ವರ್ಷ "ಸ್ವಲ್ಪ ಉಂಟು" ಎನ್ನುತ್ತಲೇ ದಿನ ದೂಡಿದೆ.

ಒಂದು ಸಂಜೆ ಅವರು ಕೋಲು ಊರಿ ನಿಂತಿದ್ದರು.

"ಡಾಕ್ಟ್ರು ಹೋದ ವರ್ಷವೇ ಪಟ್ಟಿ ತೆಗೆದು ಬೇರೆ ಹಾಕ್ತೇನೆ ಅಂದಿದ್ರು. ನಾನೇ ಬೇಡ ಅಂದೆ, ನಮ್ಮದು ಬರ್ತದಲ್ಲ ಅಂತ. ಈಗ ಒಳಗೆ ಕೀವು ಉಂಟಂತೆ. ಯಾವಾಗ ಕೊಡ್ತೀರಿ ಟೀಚರೇ?"

ನಮ್ಮದು ಎಂದ ಮೇಲೆ ಸುಳ್ಳು ಮುಂದುವರಿಸಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಳೆಯೇ ಆಸ್ಪತ್ರೆಗೆ ಹೋಗಿ ಎಂದೆ.

"ಹಾಗಾದ್ರೆ ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ?"

ನಾಚಿಕೆಯಿಂದ ಮೆಟ್ಟಿಲು ಹತ್ತಿ ಕೋಣೆ ಸೇರಿದೆ.

ಕಾಲು ಉಳಿಯಿತು, ಆದರೆ ಕೀವು ಹಿಡಿದ ಎಲುಬು ಕತ್ತರಿಸಿದ್ದರಿಂದ ಗಿಡ್ಡವಾಯಿತು. ಕೆಲವು ತಿಂಗಳ ಮೇಲೆ ಅವರು ಅಂಗಡಿಗೆ ಮರಳಿದಾಗ ನಾನು ಹೋಗಿ ಅಮೋನಿಯಾ ಕೇಳಿದೆ. ಡಬ್ಬ ತೆರೆದು, ಯಾವಾಗಿನಂತೆ ಎರಡು ಕಾಗದದಲ್ಲಿ ಸುತ್ತಿ, ದಾರ ಬಿಗಿದು ಕೊಟ್ಟರು. ಪೊಟ್ಟಣ ಹಿಡಿದುಕೊಂಡು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅವರು ಏನೂ ಕೇಳಲಿಲ್ಲ.