ಎಣ್ಣೆ ಪೈಪಿನ ಗಾಳಿ

ಆಗೆಲ್ಲ ಸಿರುಗುಪ್ಪ ಸೀಮೆಯಲ್ಲಿ ಭತ್ತದ ನಾಟಿ ಶುರುವಾದರೆ ಶಾಲೆಯ ಅರ್ಧ ಬೆಂಚುಗಳು ಖಾಲಿಯಾಗುತ್ತಿದ್ದವು. ನಾನೂ ಅವ್ವನ ಜೊತೆ ತುಂಗಭದ್ರೆ ದಾಟಿ ಆಚೆ ದಡದ ಗದ್ದೆಗಳಿಗೆ ಹೋಗುತ್ತಿದ್ದೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ. ದೋಣಿಯಲ್ಲಿ ಗೆಳತಿಯರ ಜೊತೆ ಗಜ್ಜುಗದ ಆಟ, ಮೂಗಿಗೆ ಮೋಟಾರಿನ ನೀಲಿ ಹೊಗೆ.

ದೋಣಿ ಹುಲುಗಪ್ಪನದು. ಹೊಲಗಳ ಡೀಸೆಲ್ ಪಂಪು ರಿಪೇರಿ ಮಾಡಿ ಹೆಸರಾದವನು. ದೋಣಿಯ ಹಿಂದೆ ಹಳೆಯ ಪೆಟ್ರೋಲ್ ಮೋಟಾರು ಕಟ್ಟಿದ್ದ. ಒಳಗೆ ಲೋಹ ಉಜ್ಜದಂತೆ ಜಿಡ್ಡು ಕೊಡುವ ಎಣ್ಣೆಗೆ ಬೇರೆ ಡಬ್ಬಿ. ಅಲ್ಲಿಂದ ತೆಳ್ಳನೆಯ ಪೈಪಿನಲ್ಲಿ ಎಣ್ಣೆ ತಾನಾಗಿ ಇಂಜಿನ್ನಿಗೆ ಹೋಗಬೇಕು.

ಒಂದು ಬೆಳಿಗ್ಗೆ ಆ ಡಬ್ಬಿ ಪೂರ್ತಿ ಬತ್ತಿತ್ತು. ಹುಲುಗಪ್ಪ ತುಂಬಿಸಿ ಮೋಟಾರು ಶುರು ಮಾಡಿದ. ಕರಾವಳಿಯ ಮೀನುದೋಣಿಗಳಲ್ಲಿ ದುಡಿದು ಬಂದಿದ್ದ ನನ್ನ ಚಿಕ್ಕಪ್ಪ ಈರಣ್ಣ, ಪೈಪಿನೊಳಗಿನ ಗುಳ್ಳೆಗಳನ್ನು ತೋರಿಸಿದ. ಎಣ್ಣೆ ಪಂಪಿನ ಸಣ್ಣ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಹರಿಯಬಿಡಬೇಕು, ಅಲ್ಲಿಯವರೆಗೆ ಪೆಟ್ರೋಲಿಗೂ ಒಂದಿಷ್ಟು ಎಣ್ಣೆ ಬೆರೆಸಬೇಕು ಎಂದ.

"ಗಾಳಿ ಹೊಕ್ಕಿದ್ರ ಇಂಜಿನ್ ನಿಲ್ತೈತಿ. ಇದು ಓಡಾಕತ್ತೈತಿ," ಎಂದ ಹುಲುಗಪ್ಪ. ಡೀಸೆಲ್ ಪಂಪಿನ ಮಟ್ಟಿಗೆ ಅದು ನಿಜ.

"ಇದು ಡೀಸೆಲ್ ಅಲ್ಲಣ್ಣ. ಎಣ್ಣಿ ಸಿಗಲಿಲ್ಲಂದ್ರೂ ಓಡ್ತೈತಿ, ಒಳಗಿಂದೊಳಗ ಸುಟ್ಕೊಂತೈತಿ."

"ಗಾಳಿ ಹಿಡಿದಿದ್ದು ಇಂಜಿನ್ನಿಗಲ್ಲಲೇ, ನಿನಗ. ಹೋಗಿ ತಾಯತ ಕಟ್ಟಿಸ್ಕೊ."

ದೋಣಿ ತುಂಬ ನಗು. ನಾನೂ ನಕ್ಕೆ. ಚಿಕ್ಕಪ್ಪ ಸ್ಕ್ರೂ ಕಡೆ ಕೈ ಚಾಚಿದ. ಮುಟ್ಟುವ ಮೊದಲೇ ಹುಲುಗಪ್ಪ ಹುಟ್ಟುಗೋಲಿನಿಂದ ಅವನ ಎದೆಗೆ ತಿವಿದು ದಡದ ಕೆಸರಿಗೆ ಕೆಡವಿದ. ದೋಣಿ ಹೊರಟಿತು.

ಹೊಳೆ ತುಂಬಿತ್ತು. ನಡುನೀರಿನಲ್ಲಿ ಎಣ್ಣೆ ಸುಡುವ ಆ ನೀಲಿ ಹೊಗೆಯ ವಾಸನೆಯೇ ಇರಲಿಲ್ಲ. ಕಾದ ಹಂಚಿನಂಥ ವಾಸನೆ ಬರುತ್ತಿತ್ತು. ಮೋಟಾರು ಕಿರುಗುಟ್ಟಿತು, ಟಕ್ಕೆಂದು ಸತ್ತಿತು. ಹುಲುಗಪ್ಪ ಎಷ್ಟು ಎಳೆದರೂ ಮೋಟಾರು ಶುರು ಮಾಡುವ ಹಗ್ಗ ಅಲುಗಲಿಲ್ಲ. ಸೆಳವು ದೋಣಿಯನ್ನು ಅಡ್ಡ ತಿರುಗಿಸಿ ಬಂಡೆಗಳ ಕಡೆ ಒಯ್ದಿತು. ಅವ್ವ ಸೆರಗಿನಿಂದ ನನ್ನನ್ನು ತನ್ನ ನಡುವಿಗೆ ಬಿಗಿದಳು. ಬಂಡೆಗೆ ಬಡಿದ ಸದ್ದು ಈಗಲೂ ನನ್ನ ಹಲ್ಲುಗಳಲ್ಲಿದೆ. ಮೊಣಕಾಲಿನ ತನಕ ನೀರು. ದಡದುದ್ದ ಓಡಿ ಬಂದಿದ್ದ ಚಿಕ್ಕಪ್ಪನೇ ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡ.

ಮೇಲೆ ಹತ್ತಿದ್ದೇ ತಡ, ಹುಲುಗಪ್ಪ ಅವನ ಕೊರಳಪಟ್ಟಿ ಹಿಡಿದ. ಇವನೇ ಸ್ಕ್ರೂ ತಿರುವಿ ಇಂಜಿನ್ ಕೆಡಿಸಿದ ಎಂದ. ಹುಲುಗಪ್ಪನ ಹೆಂಡತಿ ನಾಟಿ ಗುಂಪಿನ ಮೇಸ್ತ್ರಿ. ಮರುದಿನ ಕೂಲಿಗೆ ಯಾರು ಬರಬೇಕು, ಯಾರು ಬೇಡ ಎನ್ನುವವಳು ಆಕೆಯೇ. ಮೋಟಾರಿನ ಪಕ್ಕದಲ್ಲೇ ಕೂತಿದ್ದ ಅವ್ವನನ್ನು ಕೇಳಿದಳು:

"ನೀನ ಹೇಳವ್ವ, ಅಂವ ಮುಟ್ಟಿದ್ನಿಲ್ಲ?"

ಅವ್ವ ಸೆರಗು ಹಿಂಡುತ್ತ ನಿಂತಳು. ಹೆಂಗಸರು ಚಿಕ್ಕಪ್ಪನ ಮೇಲೆ ಮಣ್ಣು ತೂರಿದರು. ಅವನು ನನ್ನತ್ತ ನೋಡಿದ. ನಾನು ನೀರು ನೋಡಿದೆ. ಅಂದೇ ಬಳ್ಳಾರಿ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ.

ಈಗ ಬಸ್ಸಿನಲ್ಲಿ ಸೇತುವೆಯ ಮೇಲೆ ಹೊಳೆ ದಾಟುತ್ತೇವೆ. ಆ ದೋಣಿಯೂ ಇಲ್ಲ, ಆ ಗುಂಪೂ ಇಲ್ಲ. ಚಿಕ್ಕಪ್ಪನ ಮಾತು ಬಂದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ. ನಾನು ಅವಳನ್ನು ದೂರುವುದಿಲ್ಲ. 'ಮುಟ್ಟಿಲ್ಲ' ಎಂಬ ಒಂದು ಮಾತು ಸಾಕಿತ್ತು. ನನಗಾಗ ಒಂಬತ್ತು ವರ್ಷ, ಮಾತು ಬರುತ್ತಿತ್ತು.