ಹುಲಿಗೆವ್ವನ ಮನೆಯ ಆಟ

ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆ ಮುಗಿಯುವ ಹೊತ್ತಿಗೆ ಯಮುನಾಬಾಯಿ ಹೊಸಪೇಟೆಯಿಂದ ಕಂಪ್ಲಿಗೆ ಬಂದಳು. ಮದ್ರಾಸಿನಲ್ಲಿ ಹೆರಿಗೆಯ ವಿದ್ಯೆ ಕಲಿತಿದ್ದ, ಮೂವತ್ತೆರಡು ವರ್ಷದ ವಿಧವೆ. ಜಿಲ್ಲಾ ಬೋರ್ಡಿನವರು ಅವಳಿಗೆ ಎರಡು ಕೆಲಸ ಒಪ್ಪಿಸಿದ್ದರು. ಕರೆದ ಮನೆಗೆ ಹೋಗಿ ಹೆರಿಗೆ ಮಾಡಿಸುವುದು ಒಂದು. ಊರಿನ ಸೂಲಗಿತ್ತಿಯರನ್ನು ಕೂಡಿಸಿ ಪಾಠ ಹೇಳುವುದು ಇನ್ನೊಂದು.

ಪಾಠಕ್ಕೆಂದು ಕೋಟೆಯ ಹತ್ತಿರ ಒಂದು ಹಳೆಯ ಚಾವಡಿ ಕೊಟ್ಟಿದ್ದರು. ಹನ್ನೆರಡು ಹೆಂಗಸರು ಬರುತ್ತಿದ್ದರು. ಒಬ್ಬರಿಗೂ ಅಕ್ಷರ ಬಾರದು. ಯಮುನಾಬಾಯಿ ಗೋಡೆಗೆ ಪಟ ತೂಗುಹಾಕಿ, ಪುಸ್ತಕ ಬಿಚ್ಚಿ, ಗರ್ಭಕೋಶ ಎಂದರೇನು, ಕ್ರಿಮಿ ಎಂದರೇನು ಎಂದು ಓದುವಳು. ಅವರು ಎಲೆ ಅಡಿಕೆ ಮೆಲ್ಲುತ್ತ ಕೂತಿರುವರು. ಬಿಸಿಲೇರಿದಂತೆ ಒಬ್ಬೊಬ್ಬರೇ ಕಂಬಕ್ಕೊರಗಿ ತೂಕಡಿಸುವರು. ಎಲ್ಲರಿಗಿಂತ ಹಿರಿಯಳು ಹೊಳೆಮ್ಮ. ಅರವತ್ತು ದಾಟಿದ್ದಳು, ಅರ್ಧ ಊರನ್ನು ಭೂಮಿಗಿಳಿಸಿದ ಕೈ ಅವಳದು. ಒಂದು ದಿನ ಆಕಳಿಸುತ್ತಲೇ ಕೇಳಿದಳು.

"ಬಾಯಾರ, ನೀವು ಹೇಳೋ ಹುಳಾ ಕಣ್ಣಿಗೆ ಕಾಣಂಗಿಲ್ಲ ಅಂತೀರಿ. ಕಾಣದ್ದಕ್ಕ ನಾವು ಹ್ಯಾಂಗ ಅಂಜಬೇಕ್ರಿ?"

ಯಮುನಾಬಾಯಿಗೆ ಸಿಟ್ಟು ಬಂತು. ಅದೇ ಪುಟವನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದಳು.

ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ಒಂದು ಮುಂಜಾನೆ ಪಾಲಯ್ಯ ಎಂಬ ಗದ್ದೆ ಕೆಲಸದವನು ಕೀವು ತುಂಬಿದ ಕಾಲು ಎಳೆದುಕೊಂಡು ಚಾವಡಿಗೆ ಬಂದ. ಆ ವಾರ ಡಾಕ್ಟರು ಊರಲ್ಲಿರಲಿಲ್ಲ. ಯಮುನಾಬಾಯಿಯೇ ಹುಣ್ಣು ಒತ್ತಿ, ತೊಳೆದು, ಬಟ್ಟೆ ಕಟ್ಟಿದಳು. ಕಟ್ಟಿ ಏಳುವಷ್ಟರಲ್ಲಿ ಹೊಳೆಮ್ಮ ಏದುಸಿರು ಬಿಡುತ್ತ ಓಡಿಬಂದಳು.

"ಹರಿಗೋಲಿನ ಅಂಜಿನಯ್ಯನ ಹೆಂಡ್ತಿರೀ, ಹುಲಿಗೆವ್ವ. ಎರಡು ದಿನದಿಂದ ಬ್ಯಾನಿ ತಿನ್ನಾಕತ್ಯಾಳ. ಕೂಸು ಅಡ್ಡ ಐತಿ. ಇದು ನನ್ನ ಕೈಲಾಗಂಗಿಲ್ಲ. ಜಲ್ದಿ ಬರ್ರಿ."

ಯಮುನಾಬಾಯಿ ಬಿಂದಿಗೆಯ ನೀರಿನಲ್ಲಿ ಕೈ ಜಾಲಿಸಿ, ಸೆರಗಿಗೆ ಒರೆಸಿಕೊಂಡು ಓಡಿದಳು. ಕೈ ತೊಳೆಯುವ ಔಷಧದ ಶೀಸೆ ಚಾವಡಿಯ ಗೂಡಿನಲ್ಲೇ ಉಳಿಯಿತು. ಹೊಳೆದಂಡೆಯ ಗುಡಿಸಲಲ್ಲಿ ಹುಲಿಗೆವ್ವ ಬೆವರಿನಲ್ಲಿ ತೊಯ್ದು ಬಿದ್ದಿದ್ದಳು. ಯಮುನಾಬಾಯಿ ಮುಟ್ಟಿದಾಗ ಕಣ್ಣು ತೆರೆದು, ಸಣ್ಣಗೆ ನಕ್ಕಳು.

"ನಿಮ್ಮ ಕೈ ಎಷ್ಟು ತಣ್ಣಗ ಐತ್ರಿ, ಬಾಯಾರ."

ಒಳಗೆ ಕೈ ಹಾಕಿ ಕೂಸನ್ನು ತಿರುಗಿಸಿ ಹೊರಗೆ ತಂದಳು. ಹೆಣ್ಣುಕೂಸು, ಬದುಕಿತು. ಮೂರನೆಯ ದಿನ ತಾಯಿಗೆ ಜ್ವರ ಬಂತು. ಏಳನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು.

ವಿಚಾರಣೆಗೆ ಬಂದ ದೊಡ್ಡ ಡಾಕ್ಟರು, "ಮೊದಲು ಮುಟ್ಟಿದವರು ಯಾರು?" ಎಂದು ಕೇಳಿದರು. "ಹೊಳೆಮ್ಮ" ಎಂದಳು ಯಮುನಾಬಾಯಿ. ಅದು ಸುಳ್ಳಾಗಿರಲಿಲ್ಲ. ಅವರು ಎರಡನೆಯ ಪ್ರಶ್ನೆ ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಕಲಿಯದ ಸೂಲಗಿತ್ತಿಯ ಹೊಲಸು ಕೈಯಿಂದ ನಂಜೇರಿತು ಎಂದು ಕಾಗದದಲ್ಲಿ ಬರೆದರು. ಕೆಳಗೆ ಯಮುನಾಬಾಯಿ ರುಜು ಹಾಕಿದಳು.

ಅಂದಿನಿಂದ ಹೊಳೆಮ್ಮನನ್ನು ಯಾರೂ ಕರೆಯಲಿಲ್ಲ. ಬಸುರಿಯರು ಅವಳನ್ನು ದಾರಿಯಲ್ಲಿ ಕಂಡರೆ ಓಣಿ ಬದಲಿಸುತ್ತಿದ್ದರು. ಆದರೂ ಅವಳು ಪಾಠಕ್ಕೆ ಬರುವುದನ್ನು ಬಿಡಲಿಲ್ಲ. ಮೊದಲು ಎಲ್ಲರ ಮುಂದೆ ಕೂಡುತ್ತಿದ್ದವಳು ಈಗ ಹೊಸ್ತಿಲ ಹತ್ತಿರ ಕೂಡತೊಡಗಿದಳು.

ಯಮುನಾಬಾಯಿಗೆ ಒಂದು ದನಿ ಕೇಳತೊಡಗಿದ್ದು ಆಗಲೇ. ಹೊಳೆಯಲ್ಲಿ ಸೀರೆ ಹಿಂಡುವಾಗ, ಸಾರಿಗೆ ಹುಣಸೆ ಕಿವುಚುವಾಗ, ಬೆನ್ನ ಹಿಂದೆಯೇ ಯಾರೋ ಮೆಚ್ಚಿಗೆಯಿಂದ ಹೇಳುವರು: ನಿಮ್ಮ ಕೈ ಎಷ್ಟು ತಣ್ಣಗ ಐತ್ರಿ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ದಿನಕ್ಕೆ ಇಪ್ಪತ್ತು ಸಲ ಔಷಧದ ನೀರಿನಲ್ಲಿ ಕೈ ತೊಳೆದಳು. ಬೆರಳ ಸಂದಿಗಳು ಬಿರಿದು ರಕ್ತ ಜಿನುಗಿತು. ತರಗತಿಯಲ್ಲಿ ಹಾಜರಿ ಎಣಿಸಿದರೆ ಕೆಲವು ದಿನ ಹದಿಮೂರಾಗುತ್ತಿತ್ತು. ಮತ್ತೆ ಎಣಿಸಿದರೆ ಹನ್ನೆರಡೇ. ಹದಿಮೂರನೆಯವಳು ಕೂತಂತೆ ಕಾಣುತ್ತಿದ್ದ ಕತ್ತಲ ಮೂಲೆಯ ಕಂಬದ ಕಡೆ ನೋಡುವುದನ್ನೇ ಬಿಟ್ಟಳು.

ಒಂದು ದಿನ ಕೈ ತೊಳೆಯುವ ಪಾಠದ ಪುಟ ಬಂತು. ಮೊದಲ ಸಾಲಿನ ಮೇಲೆ ಬೆರಳಿಟ್ಟಳು, ಓದಲಾಗಲಿಲ್ಲ. ಹೆಂಗಸರು ಕಾಯ್ದರು. ಕೊನೆಗೆ ಪುಸ್ತಕ ಮುಚ್ಚಿ, "ಇವತ್ತು ನೀವೇ ಹೇಳ್ರಿ. ಕೂಸು ಅಡ್ಡ ಬಂದರ ನೀವೇನು ಮಾಡ್ತೀರಿ?" ಎಂದಳು.

ಓದಲಾಗದೆ ಮಾಡಿದ ಆ ಉಪಾಯ ಚಾವಡಿಯನ್ನೇ ಎಬ್ಬಿಸಿತು. ತೂಕಡಿಸುತ್ತಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಬುಟ್ಟಿ ಹೆಣೆಯುವ ಜಂಬಮ್ಮ ಮರುದಿನ ಬಿದಿರಿನ ಸೀಳುಗಳಿಂದ ಸೊಂಟದ ಎಲುಬಿನ ಗೂಡು ಹೆಣೆದು ತಂದಳು. ಹಳೆಯ ಸೀರೆಯಿಂದ ಕೂಸಿನ ಬೊಂಬೆ ಆಯಿತು, ಹೊಕ್ಕುಳಬಳ್ಳಿಗೆ ಲಾಡಿ ಬಂತು. ಬೊಂಬೆಯನ್ನು ಆ ಗೂಡಿನೊಳಗಿಂದ ತಿರುಗಿಸಿ ತೆಗೆಯುವುದನ್ನು ಸರದಿಯ ಮೇಲೆ ಕಲಿತರು. ಇಬ್ಬಿಬ್ಬರಾಗಿ ಕೂತು ಒಬ್ಬರ ತಪ್ಪು ಒಬ್ಬರು ಹಿಡಿದರು. ಆಮೇಲೆ ಆಟ ಕಟ್ಟಿದರು: ಒಬ್ಬಳು ಬಸುರಿ, ಒಬ್ಬಳು ಅತ್ತೆ, ಒಬ್ಬಳು ಸೂಲಗಿತ್ತಿ. ಎಲ್ಲರಿಗಿಂತ ಕಿರಿಯಳಾದ ಸಂಗಮ್ಮ ಬಸುರಿಯಾಗಿ ನರಳಿದರೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತಿತ್ತು.

ಒಮ್ಮೆ ಆಟದಲ್ಲಿ ಯಮುನಾಬಾಯಿ ಅವಳ ನಾಡಿ ಹಿಡಿದಾಗ ಸಂಗಮ್ಮ ತಟ್ಟನೆ, "ಅಯ್ಯ, ಎಷ್ಟು ತಣ್ಣಗ ಐತ್ರಿ ಕೈ!" ಎಂದಳು. ಎಲ್ಲರೂ ನಕ್ಕರು. ಯಮುನಾಬಾಯಿ ಹೊರಗೆ ಹೋಗಿ ಔಷಧದ ನೀರಿನಲ್ಲಿ ಮತ್ತೆ ಕೈ ತೊಳೆದಳು.

ಮದ್ರಾಸಿನಲ್ಲಿ ಕಂಡ ಇನ್ನೊಂದು ಪಾಠ ಅವಳಿಗೆ ನೆನಪಿತ್ತು. ಸೂಲಗಿತ್ತಿಯಾದವಳ ಅಂಗೈಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಹಚ್ಚಿ ಆಟ ಆಡಿಸುವುದು. ಮುಗಿದ ಮೇಲೆ ಬಣ್ಣ ಎಲ್ಲೆಲ್ಲಿ ಹತ್ತಿದೆ ಎಂದು ಹುಡುಕಿಸುವುದು. ಕಾಣದ ಹುಳ ಆಗ ಕಾಣುತ್ತದೆ. ಕಂಪ್ಲಿಯಲ್ಲಿ ಸುಲಭವಾಗಿ ಸಿಗುವ ಬಣ್ಣ ಕುಂಕುಮ. ವಿಧವೆಯಾದ ಅವಳು ಅದನ್ನು ಮುಟ್ಟುವಂತಿರಲಿಲ್ಲ, ಜಂಬಮ್ಮನೇ ಕಲಸುತ್ತಿದ್ದಳು. ಆ ಕೆಂಪು ಬಣ್ಣ ಬಿಂದಿಗೆಯ ಕಂಠಕ್ಕೆ, ಅತ್ತೆಯ ಸೆರಗಿಗೆ, ಬೊಂಬೆಯ ಹೊಕ್ಕುಳಿಗೆ ಹತ್ತಿದ್ದು ನೋಡಿ ಹೆಂಗಸರು ಮೊದಲ ಸಲ ಹೆದರಿದರು. ಅವತ್ತಿನಿಂದ ಬೋಧಿಸದೆಯೇ ಉಗುರು ಕತ್ತರಿಸಿಕೊಂಡು ಬರತೊಡಗಿದರು.

ಕಾರ್ತಿಕದ ಒಂದು ಮಧ್ಯಾಹ್ನ ಹೊಳೆಮ್ಮ ಹೊಸ್ತಿಲಿನಿಂದ ಎದ್ದು ನಡುವೆ ಬಂದಳು.

"ಇವತ್ತು ಹುಲಿಗೆವ್ವನ ಮನಿ ಆಟ ಆಡೂಣ್ರಿ. ಅವತ್ತು ಹೆಂಗಾತೋ ಹಂಗ. ನನ್ನ ಕೈಗೆ ಕುಂಕುಮ ಹಚ್ಚ, ಜಂಬಮ್ಮ. ನಾ ಎಲ್ಲಿ ತಪ್ಪಿದೆ ಅಂತ ನಾನೂ ನೋಡಬೇಕು."

ಯಮುನಾಬಾಯಿ ಬೇಡವೆನ್ನಬಹುದಿತ್ತು. ಆದರೆ ತಾನೇ ಚಾಪೆ ಹಾಸಿದಳು. ಸಂಗಮ್ಮ ಚಾಪೆಯ ಮೇಲೆ ಮಲಗಿದಳು. ಈ ಸಲ ನಗಲಿಲ್ಲ. ಬಿದಿರಿನ ಗೂಡನ್ನು ಅವಳ ಮಗ್ಗುಲಲ್ಲಿಟ್ಟು, ಒಳಗೆ ಬೊಂಬೆ ಅಡ್ಡ ಇಟ್ಟರು. ಹೊಳೆಮ್ಮ ಒಂದೊಂದನ್ನೂ ನೆನೆಸಿಕೊಂಡು ಮಾಡಿದಳು. ಹೊಟ್ಟೆಗೆ ಎಣ್ಣೆ ತೀಡಿದಳು, ಬೆನ್ನು ಹಿಡಿದಳು, ಬಾಯಿಗೆ ನೀರು ಬಿಟ್ಟಳು. "ಇಷ್ಟಾದ ಮ್ಯಾಲೆ ಓಡಿಬಂದೆ" ಎಂದು ಸರಿದು ನಿಂತಳು.

ಎಲ್ಲರೂ ಬಾಗಿ ಹುಡುಕಿದರು. ಸಂಗಮ್ಮನ ಸೀರೆಯ ಮೇಲೆ, ಭುಜದ ಮೇಲೆ, ತಂಬಿಗೆಯ ಮೇಲೆ ಕೆಂಪಿತ್ತು. ಗೂಡಿನ ಒಳಗೆ ಒಂದು ಚುಕ್ಕೆಯೂ ಇರಲಿಲ್ಲ.

"ನಿನ್ನ ಕೈ ಒಳಗ ಹೋಗೇ ಇಲ್ಲಲ್ಲವ್ವಾ" ಎಂದಳು ಜಂಬಮ್ಮ.

ಯಾರೂ ಬಾಯಾರ ಕಡೆ ನೋಡಲಿಲ್ಲ. ಯಮುನಾಬಾಯಿ ಬಗ್ಗಿ ಕುಂಕುಮದ ಬಟ್ಟಲಿಗೆ ಬಲಗೈ ಅದ್ದಿದಳು. ಹೆಂಗಸೊಬ್ಬಳು "ಅಯ್ಯೋ" ಎಂದಳು. ಮೊಣಕಾಲೂರಿ ಕೂತು, ಗೂಡಿನೊಳಗೆ ಕೈ ಹಾಕಿ, ಬೊಂಬೆಯನ್ನು ತಿರುಗಿಸಿ ಎಳೆದಳು. ಬಿದಿರಿನ ಒಳಮೈ ತುಂಬ ಕೆಂಪಾಯಿತು.

"ಅವತ್ತು ಮುಂಜಾನೆ ಪಾಲಯ್ಯನ ಹುಣ್ಣು ತೊಳದಿದ್ದೆ. ಬರೇ ನೀರಾಗ ಕೈ ಜಾಲಿಸಿಕೊಂಡು ಬಂದೆ. ಏಳನೇ ದಿನಕ್ಕೇ ನನಗ ಗೊತ್ತಾಗಿತ್ತು. ಗೊತ್ತಿದ್ದೂ ಹೊಳೆಮ್ಮನ ಹೆಸರು ಹೇಳಿದೆ."

ಹೊಳೆಮ್ಮ ತನ್ನ ಕೆಂಪು ಅಂಗೈಗಳನ್ನು ಮುಂದೆ ಹಿಡಿದಳು.

"ಮೂರು ತಿಂಗಳಿಂದ ನನ್ನ ಕೈ ನಾನೇ ಮುಟ್ಟಿಕೊಂಡಿಲ್ಲ, ಬಾಯಾರ. ಮೊಮ್ಮಗಳು ಹತ್ತಿರ ಬಂದರೂ ದೂರ ಸರೀತಿದ್ದೆ. ಇಲ್ಲಿ ಹೇಳಿದರ ಆಗಂಗಿಲ್ಲ. ಅಂಜಿನಯ್ಯನ ಮುಂದ ಹೇಳ್ರಿ."

ಅದೇ ಕುಂಕುಮದ ಕೈಯಲ್ಲಿ ಯಮುನಾಬಾಯಿ ಹೊಳೆಗೆ ನಡೆದಳು. ಹಿಂದೆ ಹನ್ನೆರಡು ಜನ. ಅಂಜಿನಯ್ಯ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ. ಕೂಸು ಬಟ್ಟೆಯ ಜೋಳಿಗೆಯಲ್ಲಿ ಮಲಗಿತ್ತು. ಯಮುನಾಬಾಯಿ ಎಲ್ಲವನ್ನೂ ಹೇಳಿದಳು. ಅವನು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟ.

"ಆಕಿ ಸಾಯೋತನಕ ನಿಮ್ಮನ್ನ ಹೊಗಳಿದಳ್ರಿ" ಎಂದಷ್ಟೇ ಹೇಳಿದ. ಆಮೇಲೆ ಕೂಸನ್ನು ಎತ್ತಿ ತಂದು ಹೊಳೆಮ್ಮನ ತೋಳಿಗೆ ಕೊಟ್ಟ. ಯಮುನಾಬಾಯಿಯ ಕಡೆ ಮತ್ತೆ ತಿರುಗಲಿಲ್ಲ.

ಅವಳು ಬೋರ್ಡಿಗೆ ನಿಜ ಬರೆದು ಕಳಿಸಿದಳು. ಒಂದು ವರ್ಷ ಹೆರಿಗೆಗೆ ಹೋಗಬಾರದೆಂದು ಹುಕುಂ ಬಂತು. ಬೇರೆ ಜನ ಸಿಗದ್ದರಿಂದ ಪಾಠ ಮಾತ್ರ ಉಳಿಯಿತು. ಆ ಸಂಕ್ರಾಂತಿಗೆ ಮುಂಚೆಯೇ ಹೊಳೆಮ್ಮನಿಗೆ ಮತ್ತೆ ಕರೆ ಬರತೊಡಗಿತು. ಅವಳು ತರಗತಿಗೂ ಬಂದಳು, ಮುಂದೆಯೇ ಕೂತಳು. ಆದರೆ ಯಮುನಾಬಾಯಿ ಕೊಟ್ಟ ಎಲೆ ಅಡಿಕೆಯನ್ನು ಸಾಯುವವರೆಗೂ ತೆಗೆದುಕೊಳ್ಳಲಿಲ್ಲ.

ಮುಂದೆ ಹನ್ನೊಂದು ವರ್ಷ ಯಮುನಾಬಾಯಿ ಕಮಲಾಪುರದಲ್ಲಿ, ಸಂಡೂರಿನಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಸೂಲಗಿತ್ತಿಯರಿಗೆ ಕಲಿಸಿದಳು. ದನಿ ಅವಳನ್ನು ಬಿಡಲಿಲ್ಲ. ಎಲ್ಲಿ ಹೋದರೂ ಜೊತೆಗೇ ಬಂತು. ಪ್ರತಿ ಊರಿನಲ್ಲೂ ಮೊದಲ ದಿನ ಪಟ ತೂಗುಹಾಕುವ ಮೊದಲೇ ಹುಲಿಗೆವ್ವನ ಹೆಸರು ಹೇಳಿ ಆ ಆಟ ಆಡಿಸುತ್ತಿದ್ದಳು, ಕುಂಕುಮ ತನ್ನ ಕೈಗೇ ಹಚ್ಚಿಕೊಂಡು. ಸಂಡೂರಿನಲ್ಲಿ ಅದನ್ನು ನೋಡಿ ಇಬ್ಬರು ಮುದುಕಿಯರು ಎದ್ದು ಹೋದರು, ತಿರುಗಿ ಬರಲಿಲ್ಲ. ಉಳಿದವರಲ್ಲಿ ಒಬ್ಬಳು ತನ್ನ ಕೈಯಲ್ಲಿ ತೀರಿಹೋದ ಒಬ್ಬ ಬಾಣಂತಿಯ ಹೆಸರು ಹೇಳಿದಳು. ಪಕ್ಕದವಳು ಇನ್ನೊಂದು ಹೆಸರು ಹೇಳಿದಳು.